ಶ್ರೇಯಾಂಕ ಒಂದು ಕಡೆ, ಸೀಟಿನ ಬೇಡಿಕೆ ಇನ್ನೊಂದು ಕಡೆ

ಮುಂಬಯಿ: ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಶ್ರೇಯಾಂಕ 2016ರಲ್ಲಿ ಆರಂಭವಾದಂದಿನಿಂದ 2025ರವರೆಗೂ ಇಂಜಿನಿಯರಿಂಗ್ ವಿಭಾಗದಲ್ಲಿ ಐಐಟಿ ಮದ್ರಾಸಿಗೇ ಮೊದಲ ಸ್ಥಾನ. 2025ರಲ್ಲಿ ಪೊವಾಯಿಯ ಐಐಟಿ ಬಾಂಬೆಗೆ ದೊರೆತದ್ದು ಮೂರನೆಯ ಸ್ಥಾನ. ಆದರೆ ಜೆಇಇ ಅಡ್ವಾನ್ಸ್‌ಡ್‌ನಲ್ಲಿ ಮುಂಚೂಣಿಯಲ್ಲಿರುವವರ ಮೊದಲ ಆಯ್ಕೆ ಪೊವಾಯಿ. 2023 ಹಾಗೂ 2024ರಲ್ಲಿ ಇಲ್ಲಿನ ಕಂಪ್ಯೂಟರ್ ಸೈನ್ಸ್‌ನ ಸಾಮಾನ್ಯ ವರ್ಗದ ಮುಕ್ತ ಸೀಟುಗಳು 70ರೊಳಗಿನ ರ‍್ಯಾಂಕಿಗೇ ಮುಗಿದಿದ್ದವು. ಮದ್ರಾಸಿನಲ್ಲಿ ಅದು 150ರ ಆಸುಪಾಸಿಗೆ ಬಂದಿತ್ತು.

ಎರಡೂ ಲೆಕ್ಕ ಸುಳ್ಳಲ್ಲ, ಅಳತೆಗೋಲು ಬೇರೆ. ಎನ್‌ಐಆರ್‌ಎಫ್ ಬೋಧನೆ-ಸೌಕರ್ಯಕ್ಕೆ ಶೇ. 30, ಸಂಶೋಧನೆಗೆ ಶೇ. 30, ಪದವಿ ಫಲಿತಾಂಶಕ್ಕೆ ಶೇ. 20, ಎಲ್ಲ ವರ್ಗದವರಿಗೆ ಅವಕಾಶ ಹಾಗೂ ಜನಾಭಿಪ್ರಾಯಕ್ಕೆ ತಲಾ ಶೇ. 10 ಅಂಕ ನೀಡುತ್ತದೆ. ಹದಿನೆಂಟರ ವಿದ್ಯಾರ್ಥಿ ನೋಡುವುದು ಉದ್ಯೋಗ, ನಗರ ಮತ್ತು ಸಹಪಾಠಿಗಳನ್ನು. ಹಿಂದಿನ ವರ್ಷದವರು ಹೋದಲ್ಲಿಗೇ ಈ ವರ್ಷದವರೂ ಹೋಗುತ್ತಾರೆ. ಬೇಡಿಕೆಯೇ ಪ್ರತಿಷ್ಠೆಯನ್ನು ಬೆಳೆಸುತ್ತದೆ.

ಕ್ಯೂಎಸ್ ಜಾಗತಿಕ ಪಟ್ಟಿಯ 2025ರ ಆವೃತ್ತಿಯಲ್ಲಿ ಐಐಟಿ ಬಾಂಬೆ 118ನೆಯದಾಗಿ ದೇಶಕ್ಕೇ ಪ್ರಥಮ. 2026ರ ಆವೃತ್ತಿಯಲ್ಲಿ ಅದು 129ಕ್ಕೆ ಇಳಿದು, 123ನೆಯ ಸ್ಥಾನದ ದಿಲ್ಲಿ ಮುಂದಾಯಿತು. ಅಷ್ಟರಿಂದಲೇ ಪೊವಾಯಿಯ ಪಾಠ ಕೆಟ್ಟಿತೆನ್ನಲಾಗದು.

ಐಐಟಿ ಸೀಟು ಸಿಗುವುದು ಕೆಲವರಿಗೆ ಮಾತ್ರ. ಸಾಲ ಮಾಡಿ ಬೇರೆ ಕಾಲೇಜಿಗೆ ಸೇರಿಸುವ ಹೆತ್ತವರೇ ಹೆಚ್ಚು. ಎನ್‌ಐಆರ್‌ಎಫ್‌ಗೆ ಕಾಲೇಜುಗಳು ಸಲ್ಲಿಸುವ ಮಾಹಿತಿಯಲ್ಲಿ ಅಧ್ಯಾಪಕರ ವಿವರ, ಉದ್ಯೋಗ ಪಡೆದವರ ಸಂಖ್ಯೆ ಮತ್ತು ಮಧ್ಯಾಂಕ ವೇತನ ಇರುತ್ತದೆ. ಮಧ್ಯಾಂಕವೆಂದರೆ ಸರಾಸರಿಯಲ್ಲ, ಸಾಲಿನ ನಡುವೆ ನಿಂತವನ ಸಂಬಳ. ಬ್ಯಾಂಕಿನ ಕಂತು ಆ ಸಂಬಳದಲ್ಲಿ ತೀರುವುದೇ ಎಂಬ ಲೆಕ್ಕವನ್ನು ಹೆತ್ತವರು ಮೊದಲು ಹಾಕಬೇಕು. ಸಂಘಗಳ ಮಾರ್ಗದರ್ಶನ ಶಿಬಿರಗಳು ಇದನ್ನು ತಿಳಿಸಿಕೊಟ್ಟರೆ ಸಮಾಜಕ್ಕೆ ಉಪಕಾರವಾದೀತು.