ಯಂತ್ರ ಕೊಳ್ಳುವ ಮುನ್ನ ಮಾಳಿಗೆಯತ್ತ ನೋಡಿ

ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಬೇಸಿಗೆ ಬಂತೆಂದರೆ ಒಂದು ಪ್ರಶ್ನೆ ಕೇಳುತ್ತಾರೆ: "ಸರ್, ಊರಾಗ ಕೂಲರ್ ಕೆಟ್ಟೈತ್ರಿ. ಅಪ್ಪ-ಅವ್ವಗ ಏ.ಸಿ. ಹಾಕಸಬೇಕಂತ ಮಾಡೀನ್ರಿ. ಎಷ್ಟ ಖರ್ಚ ಬರತೈತ್ರಿ?" ಪ್ರಶ್ನೆಯ ಹಿಂದಿರುವ ಕರುಳನ್ನು ನಾನು ಬಲ್ಲೆ. ಆದರೆ ಅಂಗಡಿಯವರು ಹೇಳುವ ಬೆಲೆ ಆ ಖರ್ಚಿನ ಮೊದಲ ಕಂತು ಮಾತ್ರವೆಂಬುದು ನನ್ನ ಅಭಿಪ್ರಾಯ.

ಚಳಿಗಾಲಕ್ಕೆ ನಮ್ಮ ಚಿಕ್ಕೋಡಿ, ನಿಪ್ಪಾಣಿ ಸೀಮೆಯಲ್ಲಿ ಕಂಬಳಿಯೊಂದಿದ್ದರೆ ಸಾಕು. ಕಾಡುವುದು ಬೇಸಿಗೆ. ಬೆಳಗಾವಿ ನಗರದ ತಂಪು ಅಥಣಿ, ರಾಯಬಾಗ, ಕಾಗವಾಡಗಳ ಬಯಲಿಗೆ ಇಲ್ಲ. ಆದರೂ ಹಿಂದಿನವರು ಯಂತ್ರವಿಲ್ಲದೆ ಬೇಸಿಗೆ ಕಳೆದರು. ದಪ್ಪ ಮಣ್ಣಿನ ಗೋಡೆ, ಜಂತಿಯ ಮೇಲೆ ಮಣ್ಣು ಹೊದ್ದ ಮಾಳಿಗೆ, ಗಾಳಿ ಬೆಳಕಿಗೊಂದು ಬೆಳಕಿಂಡಿ. ಹಗಲಿನ ಬಿಸಿಲನ್ನು ಮಣ್ಣು ಮೆಲ್ಲನೆ ಹೀರುತ್ತಿತ್ತು; ಅದು ಒಳಗೆ ಇಳಿಯುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಆ ಹೊತ್ತಿಗೆ ಮನೆಯವರೆಲ್ಲ ಅಂಗಳದಲ್ಲಿ ಹೊರಸಿನ ಮೇಲಿರುತ್ತಿದ್ದರು.

ಆ ಮನೆಗಳನ್ನೇ ಮತ್ತೆ ಕಟ್ಟಿರೆಂದು ನಾನು ಹೇಳುವುದಿಲ್ಲ. 2005ರಲ್ಲಿ, ಮತ್ತೆ 2019ರಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದಾಗ ಮಣ್ಣಿನ ಗೋಡೆಗಳು ಹೇಗೆ ಕುಸಿದವೆಂಬುದನ್ನು ನದಿಯ ದಂಡೆಯವರು ಮರೆತಿಲ್ಲ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಜನ ಸಿಮೆಂಟಿನ ಮನೆ ಕಟ್ಟಿದರು, ಅದು ನ್ಯಾಯವೇ. ಆದರೆ ನಾಲ್ಕೈದು ಅಂಗುಲದ ಸ್ಲ್ಯಾಬ್ ಹಗಲೆಲ್ಲ ಕಾದು, ರಾತ್ರಿ ಆ ಕಾವನ್ನು ಮಲಗಿದವರ ಮೇಲೆ ಸುರಿಸುತ್ತದೆ. ಪತ್ರಾಸಿನ ಮನೆಯ ಮಾತಂತೂ ಕೇಳುವುದೇ ಬೇಡ. ಗೋಡೆ ಗಟ್ಟಿಯಾಯಿತು, ತಂಪು ಹೋಯಿತು. ಹೋದ ತಂಪನ್ನು ಈಗ ಹಣ ಕೊಟ್ಟು ತರುತ್ತಿದ್ದೇವೆ.

ಲೆಕ್ಕ ಹಾಕೋಣ. ಏ.ಸಿ.ಯ 'ಟನ್' ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಅಷ್ಟೇ ಅವಧಿಯಲ್ಲಿ ಹೊರಹಾಕುವ ಶಕ್ತಿ. ಒಂದೂವರೆ ಟನ್ನಿನ ಯಂತ್ರ ಪೂರ್ಣವಾಗಿ ದುಡಿದರೆ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಬೇಕು. ದಿನಕ್ಕೆ 6 ಗಂಟೆಯೆಂದರೆ ತಿಂಗಳಿಗೆ 270 ಯೂನಿಟ್. ಇನ್ವರ್ಟರ್ ಯಂತ್ರಕ್ಕೆ ಇದಕ್ಕಿಂತ ಕಡಿಮೆ ಸಾಕು ನಿಜ. ಆದರೆ ಕಾದ ಸ್ಲ್ಯಾಬಿನ ಕೆಳಗೆ ಅದಕ್ಕೂ ಬಿಡುವಿಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಹಳೆಯ ಸರಾಸರಿಯ ಮೇಲೆ ಶೇಕಡಾ 10ರಷ್ಟು ಹೆಚ್ಚು ಬಳಕೆ ಉಚಿತ. ಸರಾಸರಿ 80 ಯೂನಿಟ್ ಇದ್ದ ಮನೆಗೆ 88. ಅದರ ಮೇಲಿನದಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. 2025ರ ಸೆಪ್ಟೆಂಬರಿನಲ್ಲಿ ಏ.ಸಿ.ಯ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತೆಂದು ಹಿಗ್ಗುವವರು ಈ ಲೆಕ್ಕವನ್ನೂ ನೋಡಬೇಕು.

ಹಳೆಯ ಏ.ಸಿ. ಬದಲಿಸುವವರಿಗೆ ಇನ್ನೊಂದು ಮಾತು. ಹಳೆಯ ಯಂತ್ರಗಳು ಬಹುಮಟ್ಟಿಗೆ ಆರ್-22 ಅನಿಲದವು. ಓಜೋನ್ ಪದರಕ್ಕೆ ಕೇಡೆಂದು ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದನ್ನು ಕೈಬಿಡಲಾಗುತ್ತಿದೆ. ಈಗಿನ ಅನಿಲವನ್ನು ಹಳೆಯ ಯಂತ್ರಕ್ಕೆ ತುಂಬಲಾಗದು. ಹೀಗಾಗಿ ಒಳಗಿನದು, ಹೊರಗಿನದು ಎರಡನ್ನೂ ಬದಲಿಸಬೇಕು. ತಾಮ್ರದ ಕೊಳವೆ, ವೈರಿಂಗ್, ಸ್ಟೆಬಿಲೈಸರ್‌ಗಳ ಖರ್ಚು ಬೇರೆ.

ಇದೆಲ್ಲಕ್ಕಿಂತ ದೊಡ್ಡ ನಷ್ಟ ಮತ್ತೊಂದಿದೆ. ಮಕ್ಕಳು ಪ್ರೀತಿಯಿಂದ ಕೂರಿಸಿದ ಯಂತ್ರಕ್ಕೆ ಬಟ್ಟೆ ಹೊದಿಸಿ, ತಂದೆ-ತಾಯಿ ಪಡಸಾಲೆಯಲ್ಲಿ ಬೀಸಣಿಗೆ ಹಿಡಿದು ಕುಳಿತಿರುವುದನ್ನು ನಾನು ಕಂಡಿದ್ದೇನೆ. "ಮಗ ಬಂದಾಗ ಹಚ್ಚತೀವ್ರಿ ಮಾಸ್ತರ" ಎನ್ನುತ್ತಾರೆ. ಯಂತ್ರ ಮಗನ ಹಣದ್ದು, ಬಿಲ್ಲು ಅವರ ಪಿಂಚಣಿಯದು. ಮುಪ್ಪಿನ ದೇಹಕ್ಕೆ ಬೇಸಿಗೆಯ ಸೆಕೆ ಅಪಾಯಕಾರಿ. ಅವರು ಹಚ್ಚದ ಯಂತ್ರ ಎಷ್ಟು ನಕ್ಷತ್ರದ್ದಾದರೂ ಪ್ರಯೋಜನವಿಲ್ಲ.

ಆದುದರಿಂದ ನನ್ನ ಸಲಹೆ ಇಷ್ಟು. ಮೊದಲ ರೂಪಾಯಿಯನ್ನು ಮಾಳಿಗೆಗೆ ಹಾಕಿ. ಮಾರ್ಚ್ ಬರುವ ಮುನ್ನ ಸ್ಲ್ಯಾಬಿಗೆ ಸುಣ್ಣವನ್ನೋ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣವನ್ನೋ ಬಳಿಸಿ. ಪಡುವಣದ ಕಿಟಕಿಗೆ ನೆರಳು ಮಾಡಿ; ಕಬ್ಬಿನ ರವದಿಯ ತಟ್ಟಿಯಾದರೂ ಆದೀತು, ಒಲೆಯಿಂದ ದೂರವಿರಲಿ. ನಮ್ಮ ಒಣ ಬೇಸಿಗೆಗೆ ನೀರಿನ ಕೂಲರ್ ಚೆನ್ನಾಗಿ ಒಗ್ಗುತ್ತದೆ. ಕೆಟ್ಟಿದ್ದರೆ ಪಂಪು, ಹುಲ್ಲಿನ ಪ್ಯಾಡು ಬದಲಿಸಿ ನೋಡಿ. ಇಷ್ಟಾದ ಮೇಲೂ ಏ.ಸಿ. ಬೇಕೆಂದರೆ ಒಂದೇ ಕೋಣೆಗೆ ಹಾಕಿಸಿ, ಆ ಕೋಣೆಯ ಬಿಲ್ಲನ್ನು ತಿಂಗಳು ತಿಂಗಳು ನೀವೇ ಕಟ್ಟಿ.

ಸರ್ಕಾರದ ಪಾಲೂ ಇದೆ. ತೆಲಂಗಾಣ 2023ರಲ್ಲಿ ತಂಪು ಛಾವಣಿಗಾಗಿಯೇ ಒಂದು ನೀತಿ ತಂದಿತು. ಪ್ರವಾಹದಲ್ಲಿ ಮನೆ ಬಿದ್ದವರಿಗೆ ಹೊಸ ಮನೆಗೆ ಹಣ ಕೊಡುವಾಗ ಮಾಳಿಗೆಯ ಬಿಳಿ ಬಣ್ಣಕ್ಕೂ ಒಂದಿಷ್ಟು ಸೇರಿಸುವುದು ನಮಗೂ ಅಸಾಧ್ಯವೇನಲ್ಲ. ನೆರೆಯಿಂದ ಉಳಿದವರು ಸೆಕೆಯಲ್ಲಿ ಬೇಯಬಾರದಲ್ಲವೇ? ನೀವೂ ಯೋಚಿಸಿ ನೋಡಿ. ಮುಂದಿನ ಸಲ ಊರಿಗೆ ಬಂದಾಗ ಅಂಗಡಿಗೆ ಹೋಗುವ ಮೊದಲು ಒಮ್ಮೆ ಮಾಳಿಗೆ ಹತ್ತಿರಿ.