ಬಿದ್ದ ಮೇಲೆ ಪಂಚನಾಮೆ ಬೇಡ, ನಿಂತಿರುವಾಗಲೇ ತಪಾಸಣೆ ಆಗಲಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ, ಯಾದಗಿರಿ

ಇವರಿಂದ,
ಯಾದಗಿರಿ, ಶಹಾಪುರ, ಸುರಪುರದ ಹಳೇ ಮನೆಗಳ ನಿವಾಸಿಗಳು ಮತ್ತು ಗೌಂಡಿಗಳು

ವಿಷಯ: ಕಲ್ಲು-ಮಣ್ಣಿನ ಮಾಳಿಗೆ ಮನೆಗಳ ಭೂಕಂಪ ಸುರಕ್ಷತಾ ತಪಾಸಣೆ ಮತ್ತು ಬಲವರ್ಧನೆ ಕುರಿತು

ಮಾನ್ಯರೇ,

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪಕ್ಕೆ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಆ ಊರು ನಮ್ಮಿಂದ ನೂರೈವತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ. ಅಂದಿನ ಭೂಕಂಪ ವಲಯಗಳ ಭೂಪಟದಲ್ಲಿ ಅದೂ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. ಹಾಗಾಗಿ ನಮ್ಮ ಜಿಲ್ಲೆ ಕಡಿಮೆ ಅಪಾಯದ ಎರಡನೇ ವಲಯದಲ್ಲಿದೆ, ಚಿಂತೆಯಿಲ್ಲ ಎಂಬ ಮಾತನ್ನು ನಾವು ಒಪ್ಪಲಾರೆವು. 2021ರ ಅಕ್ಟೋಬರ್‌ನಲ್ಲಿ ಪಕ್ಕದ ಕಲಬುರಗಿ ಜಿಲ್ಲೆಯ ಗಡಿಕೇಶ್ವಾರದಲ್ಲಿ ಭೂಮಿ ಮತ್ತೆ ಮತ್ತೆ ಕಂಪಿಸಿ ಜನ ಮನೆಯೊಳಗೆ ಮಲಗಲು ಹೆದರಿದ್ದು ತಮಗೆ ತಿಳಿದೇ ಇದೆ.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಗೋಡೆ ಮತ್ತು ಮಾಳಿಗೆ. ನಮ್ಮ ಓಣಿಗಳ ಮನೆಗಳೂ ಅದೇ ಕಟ್ಟಿನವು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿದಿಡುವ ಉದ್ದದ ಅಡ್ಡಗಲ್ಲು ಬಹಳ ಗೋಡೆಗಳಲ್ಲಿ ಇಲ್ಲವೇ ಇಲ್ಲ. ನೀರಿಳಿದು ಮಣ್ಣು ಸಡಿಲವಾದರೆ ಗೋಡೆ ಹೊಟ್ಟೆ ಬಿಡುತ್ತದೆ. ಮೇಲೆ ಸೋರದಿರಲೆಂದು ವರ್ಷವರ್ಷವೂ ಮಾಳಿಗೆಗೆ ಮಣ್ಣು ಏರಿಸುತ್ತ ಬಂದಿದ್ದೇವೆ. ಒಂದಡಿ ಮಣ್ಣೆಂದರೆ ಚದರ ಮೀಟರಿಗೆ ಹತ್ತಿರ ಹತ್ತಿರ ಅರ್ಧ ಟನ್. ಹತ್ತು-ಹನ್ನೆರಡು ಅಡಿಯ ಪಡಸಾಲೆಯ ತೊಲೆ, ಜಂತಿಗಳ ಮೇಲೆ ಐದು ಟನ್‌ಗೂ ಹೆಚ್ಚು ಭಾರ. ಭೂಕಂಪವೇ ಬೇಕೆಂದಿಲ್ಲ, ಜಡಿಮಳೆಗೂ ಇವು ಕುಸಿಯುತ್ತವೆ. ಆಮೇಲೆ ಅಧಿಕಾರಿಗಳು ಬರುತ್ತಾರೆ, ಎ, ಬಿ, ಸಿ ಎಂದು ಹಾನಿಯ ವರ್ಗ ಬರೆದುಕೊಂಡು ಹೋಗುತ್ತಾರೆ.

ಆದ್ದರಿಂದ ಮಳೆಗಾಲಕ್ಕೆ ಮುನ್ನವೇ ಮೂರೂ ಪಟ್ಟಣಗಳಲ್ಲಿ ವಾರ್ಡ್‌ವಾರು ತಪಾಸಣೆ ನಡೆಯಬೇಕು. ಎಂಜಿನಿಯರ್ ಜೊತೆ ಒಬ್ಬ ಅನುಭವಿ ಗೌಂಡಿಯೂ ಇರಲಿ. ಗೋಡೆ ತಟ್ಟಿ ಒಳಗಿನ ಟೊಳ್ಳು ಹೇಳಬಲ್ಲವರು ಅವರು. ಹಳೇ ಕಟ್ಟಡಗಳಲ್ಲಿರುವ ಅಂಗನವಾಡಿ, ಶಾಲೆಗಳನ್ನು ಮೊದಲು ನೋಡಬೇಕು.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಬಿರುಕು ತೋರಿಸಿದರೆ ಮನೆ ಕೆಡವಲು ನೋಟಿಸ್ ಬರುತ್ತದೆಂದು ಜನ ಸುಣ್ಣ ಬಳಿದು ಮುಚ್ಚುತ್ತಾರೆ. ತಪಾಸಣೆಯ ವರದಿ ತೆರವಿಗೆ ಬಳಕೆಯಾಗುವುದಿಲ್ಲವೆಂದು ಲಿಖಿತ ಆದೇಶ ಹೊರಡಿಸದ ಹೊರತು ಯಾರೂ ಬಾಗಿಲು ತೆರೆಯುವುದಿಲ್ಲ. ಇದಕ್ಕೆ ಅಪವಾದ ಪ್ರಾಣಾಪಾಯವಿರುವ ಮನೆ ಮಾತ್ರ; ಅಲ್ಲಿಯೂ ಮೊದಲು ಬದಲಿ ವಸತಿ, ಆಮೇಲೆ ತೆರವು.

ಬಲಪಡಿಸುವ ಕ್ರಮ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಐಎಸ್ 13828 ಮತ್ತು ಐಎಸ್ 13935 ಮಾನದಂಡಗಳಲ್ಲಿ ಅದೆಲ್ಲ ಇದೆ: ಗೋಡೆಗೆ ಅಲ್ಲಲ್ಲಿ ಅಡ್ಡಗಲ್ಲು ಅಥವಾ ಕಾಂಕ್ರೀಟ್ ಕೊಂಡಿ, ಮೂಲೆಗಳಿಗೆ ಕಬ್ಬಿಣ, ಸುತ್ತಲೂ ಒಂದು ಪಟ್ಟಿ. ಮಾಳಿಗೆಯ ಮಣ್ಣು ತೆಗೆದು, ಸೋರದಂತೆ ಹಗುರ ಹೊದಿಕೆ ಹಾಕಿಸುವುದರಿಂದಲೇ ಕೆಲಸ ಆರಂಭವಾಗಲಿ. ಕಿಲ್ಲಾರಿಯ ನಂತರ ಮಹಾರಾಷ್ಟ್ರದಲ್ಲಿ ನಿಂತ ಮನೆಗಳನ್ನೂ ಹೀಗೆ ಭದ್ರಪಡಿಸಿದ್ದಾರೆ. ನಮ್ಮ ಗೌಂಡಿಗಳಿಗೆ ಕೂಲಿ ಸಹಿತ ತರಬೇತಿ ಕೊಡಿಸಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಅನುದಾನಕ್ಕೆ ಪ್ರಸ್ತಾವ ಕಳಿಸಬೇಕು. ಅಣ್ಣತಮ್ಮಂದಿರಲ್ಲಿ ಭಾಗವಾಗದೆ ಅಜ್ಜನ ಹೆಸರಲ್ಲೇ ಖಾತೆ ಉಳಿದ ಮನೆಗಳು ಇಲ್ಲಿ ಬಹಳ. ಹಾಗಾಗಿ ಖಾತೆ ಯಾರ ಹೆಸರಲ್ಲಿದ್ದರೂ ವಾಸವಿರುವವರಿಗೇ ನೆರವು ಸಿಗಬೇಕು, ಬಾಡಿಗೆದಾರರನ್ನೂ ಬಿಡಬಾರದು.

ವಿಪತ್ತು ನಿರ್ವಹಣಾ ಕಾಯ್ದೆ, 2005ರ 30ನೇ ಕಲಮಿನಡಿ ಕಟ್ಟಡಗಳನ್ನು ಪರಿಶೀಲಿಸುವ ಅಧಿಕಾರ ತಮ್ಮ ಪ್ರಾಧಿಕಾರಕ್ಕೇ ಇದೆ. ಪ್ರಾಧಿಕಾರದ ಮುಂದಿನ ಸಭೆಯಲ್ಲಿ ಈ ಮನವಿ ಮಂಡಿಸಿ, ಆ ಸಭೆಗೆ ಮೂರೂ ಪಟ್ಟಣಗಳ ಗೌಂಡಿಗಳನ್ನು ಕರೆಯಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು)