ಮಿಲಿಟರಿ ಬಟ್ಟೆ ಯಾರಿಗೆ?

ಈ ಸಲ ಒಂದು ಪ್ಯಾಂಟಿನ ಕಥೆ ಹೇಳುತ್ತೇನೆ.

ಗೌರಿ ಹಬ್ಬಕ್ಕೆ ಬಟ್ಟೆ ತಗೋ ಅಂತ ಕೊಟ್ಟ ದುಡ್ಡಿನಲ್ಲಿ, ಕಾಲೇಜಿಗೆ ಹೋಗುವ ನಮ್ಮ ಹುಡುಗ ಸಂತೆಯಿಂದ ಮಿಲಿಟರಿ ಪ್ಯಾಂಟು, ಷರಟು ತಂದ. ಹಸಿರು-ಕಂದು ಮಚ್ಚೆಯದು. ತೋಳಿಗೆ ಪಟ್ಟಿ, ಎದೆಗೆ ಬಿಲ್ಲೆ ಬೇರೆ! ಕೊಳೆ ಕಾಣೋದಿಲ್ಲ, ಒಗೆಯೋಕೆ ಸುಲಭ ಅಂತ ನಾನೂ ಸುಮ್ಮನಾದೆ.

ಹಬ್ಬದ ದಿನ ತವರಿನ ಅರಿಸಿನ-ಕುಂಕುಮ ಹಿಡಿದು ನಮ್ಮಣ್ಣ ಬಂದ. ಮಿಲಿಟರಿಯಲ್ಲಿ ಹದಿನೇಳು ವರ್ಷ ದುಡಿದು ಹವಾಲ್ದಾರನಾಗಿ ನಿವೃತ್ತಿಯಾದವನು. ಊಟ ಮುಗಿಯುವವರೆಗೂ ಮಾತಿಲ್ಲ. ಆಮೇಲೆ ಮೆಲ್ಲಗೆ, "ಆ ಪಟ್ಟಿ ಬಿಚ್ಚಪ್ಪಾ" ಅಂದ.

"ಬರೀ ಫ್ಯಾಷನ್ನು, ಮಾವ."

"ನೆರೆ ಬಂದಾಗ ಈ ಬಟ್ಟೆ ಕಂಡರೆ ಸಾಕು, ಜನ ಎಳೇ ಮಗೂನ ನಮ್ಮ ಕೈಗೆ ಕೊಟ್ಟುಬಿಡ್ತಿದ್ರು ಕಣೋ. ಹೆಸರೂ ಕೇಳ್ತಿರಲಿಲ್ಲ. ನಿನ್ನ ಕೈಗೆ ಕೊಟ್ಟರೆ ಏನ್ ಮಾಡ್ತೀಯ?"

ಹುಡುಗನ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಆ ನಂಬಿಕೆಯನ್ನು ಕೆಡಿಸುವವರೂ ಇದ್ದಾರೆ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದ ಉಗ್ರರು ತೊಟ್ಟಿದ್ದು ಮಿಲಿಟರಿ ಬಟ್ಟೆಯನ್ನೇ. ಅದಾದ ಮೇಲೆ, ಇಂಥ ಬಟ್ಟೆ ತೊಡಬೇಡಿ, ಮಾರಬೇಡಿ ಎಂದು ಸೈನ್ಯವೇ ಜನರನ್ನು ಕೇಳಿಕೊಂಡಿತು. 1949ರ ಜನವರಿ 15ರಂದು ನಮ್ಮ ಕೊಡಗಿನ ಕಾರಿಯಪ್ಪನವರು ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ನೆನಪಿಗೆ ಪ್ರತಿವರ್ಷ ಸೇನಾ ದಿನ. 2022ರ ಸೇನಾ ದಿನದಂದು ಹೊಸ ಮಚ್ಚೆಯ ಸಮವಸ್ತ್ರ ಬಂತು. ಯಾರೂ ನಕಲು ಮಾಡದಿರಲಿ ಎಂದು ಆ ವಿನ್ಯಾಸವನ್ನು ನೋಂದಣಿಯನ್ನೂ ಮಾಡಿಸಿದ್ದಾರೆ.

ಇನ್ನು ಕಾನೂನು. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಆ ಉಡುಪು ಅಥವಾ ಗುರುತು ಧರಿಸಿದರೆ, ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ ಮೂರು ತಿಂಗಳವರೆಗೆ ಸೆರೆ, ಇಲ್ಲವೇ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹಾಗಾದರೆ ಸಿಪಾಯಿ ತೊಟ್ಟದ್ದನ್ನು ಬೇರೆಯವರು ಮುಟ್ಟಲೇಬಾರದೇ? ಹಾಗೂ ಅಲ್ಲ. ಸ್ಕಾಟ್ಲೆಂಡಿನ ಟಾರ್ಟನ್ ಎಂಬ ಚೌಕಳಿ ಉಣ್ಣೆಬಟ್ಟೆಯನ್ನೇ ನೋಡಿ. ಅಲ್ಲಿ ದಂಗೆಯಾದ ಮೇಲೆ, 1746ರ ಕಾಯಿದೆ ಬೆಟ್ಟನಾಡಿನ ಗಂಡಸರು ಅದನ್ನು ತೊಡಬಾರದು ಎಂದಿತು. ರಾಜನ ಸಿಪಾಯಿಗಳಿಗೆ ಮಾತ್ರ ಅಡ್ಡಿಯಿಲ್ಲ. 1782ರಲ್ಲಿ ಆ ಕಾಯಿದೆ ಹೋಯಿತು. ಬ್ಲ್ಯಾಕ್ ವಾಚ್ ಎಂಬ ಪಡೆಯ ಕಡುನೀಲಿ-ಹಸಿರು ಚೌಕಳಿಯನ್ನು ಈಗ ಹೆಣ್ಣುಮಕ್ಕಳು ಲಂಗಕ್ಕೂ ಹೊಲಿಸುತ್ತಾರೆ. ಅದನ್ನು ಕಂಡು ಯಾರೂ ಮೋಸಹೋಗುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲೇ.

ನನಗೆ ಕಂಡದ್ದಿಷ್ಟು: ಸಾದಾ ಹಸಿರು, ಖಾಕಿ ಯಾರು ಬೇಕಾದರೂ ತೊಡಲಿ. ಶಾಲೆಯ ವೇಷದಲ್ಲಿ ಪುಟ್ಟ ಮಗು ಸಿಪಾಯಿಯಾದರೆ ಚಂದವೇ. ಆದರೆ ನಮ್ಮ ಸೈನ್ಯ ಇವತ್ತು ತೊಡುವ ಮಚ್ಚೆ, ಪಟ್ಟಿ, ಬಿಲ್ಲೆ ಬೇಡ. ಅವು ಕೊಳ್ಳುವುದಲ್ಲ, ದುಡಿದು ಪಡೆಯುವುದು. ಬೆಳೆದ ಮಕ್ಕಳಿಗೆ ಬೈಯುವ ಬದಲು ನಮ್ಮಣ್ಣನ ಪ್ರಶ್ನೆ ಕೇಳಿ ನೋಡಿ.

ಪಟ್ಟಿ, ಬಿಲ್ಲೆಗಳನ್ನು ಹುಡುಗನೇ ಬ್ಲೇಡಿನಿಂದ ಬಿಚ್ಚಿದ. ಅಂಗಡಿಯವನು ಬಟ್ಟೆ ವಾಪಸ್ ತೆಗೆದುಕೊಳ್ಳಲಿಲ್ಲ. ಅಣ್ಣನನ್ನು ಕೇಳಿಯೇ ಪ್ಯಾಂಟಿನ ಎರಡು ಕಾಲು ಕತ್ತರಿಸಿ, ತಳ ಹೊಲಿದು, ಎರಡು ಗಟ್ಟಿ ಚೀಲ ಮಾಡಿದೆ. ಒಂದೊಂದರಲ್ಲಿ ಐದು ಸೇರು ಅಕ್ಕಿ ಹಿಡಿಯುತ್ತದೆ!